ಬಿಸಿ ಕಂಡ್ರೆ ಬಣ್ಣ ಬಿಡ್ತದೆ

ಆಕೆಯ ಹೆಸರು ನನಗೆ ಗೊತ್ತಾದದ್ದು ಆಕೆ ತೀರಿಕೊಂಡ ಮೇಲೆ. ಬೆಳಿಗ್ಗೆ ಯಾರೋ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿದ್ದ ಕಾರ್ಯದ ಕಾರ್ಡಿನಲ್ಲಿ ಒಂದು ಹೆಸರಿತ್ತು. ಈ ಹೆಸರಿನ ಹೆಂಗಸನ್ನು ನಾನು ಕಂಡವನೇ ಅಲ್ಲ ಎಂದುಕೊಂಡು ಕಾರ್ಡನ್ನು ಕಿಟಕಿಯಲ್ಲಿ ಸಿಕ್ಕಿಸಿಟ್ಟೆ. ಸಂಜೆ ಕಾಫಿ ಕುಡಿಯುವಾಗ ಅದರ ಕೆಳಗೆ 'ಚಳ್ಳಕೆರೆ, ಬಸ್ ಸ್ಟ್ಯಾಂಡ್ ಹಿಂಭಾಗ' ಎಂದು ಇದ್ದದ್ದು ನೆನಪಾಯಿತು, ಲೋಟ ಕೆಳಗಿಟ್ಟು ಕಾರ್ಡನ್ನು ಮತ್ತೆ ತೆಗೆದು ನೋಡಿದೆ. ಆ ಓಣಿಯಲ್ಲಿ ಎಲ್ಲರಿಗೂ ಆಕೆ ಅಕ್ಕ. ಅಜ್ಜಂದಿರೂ ಅಕ್ಕ ಎನ್ನುತ್ತಿದ್ದರು, ಶಾಲೆ ಮಕ್ಕಳೂ ಅಕ್ಕ ಎನ್ನುತ್ತಿದ್ದರು. ಇಲ್ಲಿಯೂ ಅಕ್ಕ ಅಂತಲೇ ಇರಲಿ, ಆ ಕಾರ್ಡಿನ ಹೆಸರು ನನ್ನ ಬಾಯಿಗೆ ಬರುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಚಳ್ಳಕೆರೆಯ ಟೆಲಿಫೋನ್ ಕಚೇರಿಯಲ್ಲಿ ಗುಮಾಸ್ತ. ಮನೆ ಮೊಳಕಾಲ್ಮೂರಿನಲ್ಲಿ, ಅವ್ವನ ಜೊತೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಆ ಬಸ್ಸಿನಲ್ಲಿ ನಾನು ಎಚ್ಚರ ಇದ್ದದ್ದು ಕಡಿಮೆ, ತೂಕಡಿಸಿದ್ದೇ ಹೆಚ್ಚು. ತಳಕು ದಾಟಿದ ಮೇಲೆ ಎರಡೂ ಕಡೆ ಬಯಲು, ಅಲ್ಲೊಂದು ಇಲ್ಲೊಂದು ಜಾಲಿ, ದೂರದಲ್ಲಿ ಬಂಡೆಗುಡ್ಡಗಳು. ಇಳಿಬಿಸಿಲಿನಲ್ಲಿ ಎಲ್ಲವೂ ಒಂದು ಗೇಣು ಮೇಲೆ ತೇಲುತ್ತಿರುವಂತೆ ಕಾಣುತ್ತಿತ್ತು. ಈಗ ನೆನೆಸಿಕೊಂಡರೆ ಆ ವರ್ಷಗಳೆಲ್ಲ ಸೇರಿ ಒಂದೇ ಉದ್ದನೆಯ ಸಂಜೆ ಅನ್ನಿಸುತ್ತದೆ. ಆ ಸಂಜೆಯುದ್ದಕ್ಕೂ ನನ್ನ ತೊಡೆಯ ಮೇಲೆ ಅಕ್ಕ ಕಟ್ಟಿಕೊಟ್ಟ ಬೆಚ್ಚಗಿನ ಪೊಟ್ಟಣವೊಂದು ಇರುತ್ತದೆ.

ಪೊಟ್ಟಣ ಅವ್ವನಿಗೆ. "ಹೋಟೆಲ್ ಕೂಳು ತಿಂದು ಕೆಟ್ಟೋಗ್ತೀಯ ನೋಡು ನೀನು" ಎಂದು ಬೈಯುತ್ತಲೇ ಅವ್ವ ಕೈ ತೊಳೆದುಕೊಂಡು ಬಂದು ಕೂರುತ್ತಿದ್ದಳು. ಬೈಗುಳ ನಿಂತ ದಿನ ಇಡ್ಲಿ ಬಹಳ ಚೆನ್ನಾಗಿದೆ ಎಂದು ಅರ್ಥ.

ಹೋಟೆಲಿಗೆ ಬೋರ್ಡು ಇರಲಿಲ್ಲ. ತಗಡಿನ ಮಾಡು, ಎರಡು ಬೆಂಚು, ಒಂದು ಸೌದೆ ಒಲೆ. ಗಂಡ ಬೇಗ ಹೋದ ಮೇಲೆ ಅಕ್ಕನ ಬದುಕು ಆ ಒಲೆಯ ಮೇಲೆಯೇ ನಿಂತಿತ್ತು. ಎಣ್ಣೆ ಮಿಲ್ಲುಗಳ ಕಡೆಯಿಂದ ಹುರಿದ ಶೇಂಗಾದ ವಾಸನೆ, ಇಡ್ಲಿ ಪಾತ್ರೆಯಿಂದ ಹಬೆ, ತಗಡಿನ ತೂತಿನಿಂದ ಇಳಿದ ಬಿಸಿಲು, ಇವು ಮೂರೂ ಕಲೆತ ಜಾಗದಲ್ಲಿ ಅಕ್ಕ ನಿಂತಿರುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳ ಮುಖ ನನಗೆ ಪೂರ್ತಿ ನೆನಪಿಲ್ಲ. ಹಬೆಯೊಳಗೆ ಆಡುವ ಕೈ ನೆನಪಿದೆ. ಬೆಂದ ಇಡ್ಲಿಯ ಪಾತ್ರೆಗೆ ಹಳೆಯ ಕಂಬಳಿಯ ತುಂಡೊಂದನ್ನು ಹೊದಿಸಿ, ಮಲಗಿದ ಮಗುವಿಗೆ ತಟ್ಟುವ ಹಾಗೆ ಮೆಲ್ಲಗೆ ಎರಡೇಟು ತಟ್ಟುತ್ತಿದ್ದಳು.

ಅಡುಗೆಯನ್ನು ಅವಳು ರುಚಿ ನೋಡಿದ್ದನ್ನು ನಾನು ಕಂಡಿಲ್ಲ. ಕೈ ಬೀಸಿ ಹಬೆಯನ್ನು ಮೂಗಿನ ಕಡೆ ಕರೆದುಕೊಳ್ಳುವಳು, ಕಣ್ಣು ಮುಚ್ಚುವಳು, ಅಷ್ಟೇ. "ನಾಲಿಗೆ ಸುಳ್ಳು ಹೇಳ್ತದೆ ಕಣಯ್ಯಾ, ಹಸಿವಾದ್ರೆ ಎಲ್ಲಾ ಚಂದ ಅಂತದೆ. ಮೂಗು ಹಂಗಲ್ಲ" ಎನ್ನುತ್ತಿದ್ದಳು. ಇನ್ನೊಂದು ಮಾತು ದಿನಕ್ಕೊಮ್ಮೆಯಾದರೂ ಬರುತ್ತಿತ್ತು: "ಸಾರು ಅಂದ್ರೆ ಸಾರಿನ ವಾಸನೆನೇ ಬರ್ಬೇಕು. ಅದಕ್ಕೆ ಬ್ಯಾರೆ ವಾಸನೆ ಯಾಕೆ?"

ಹಾಗೆಂದು ಅವಳು ಹೇಳಿದ್ದೆಲ್ಲ ವೇದವಾಕ್ಯವೇನಲ್ಲ. ಫ್ರಿಜ್ಜಿನಲ್ಲಿಟ್ಟ ಹಾಲಿಗೆ ಸತ್ವ ಇರುವುದಿಲ್ಲ ಎನ್ನುವಳು. ರೇಡಿಯೋ ಪಕ್ಕ ಮೊಸರಿಟ್ಟರೆ ಹುಳಿ ಜಾಸ್ತಿಯಾಗುತ್ತದೆ ಎನ್ನುವಳು. ಒಮ್ಮೆ ನನ್ನನ್ನು ಬಳಿಗೆ ಕರೆದು, "ಏಮಯ್ಯಾ, ಆ ಕಡೆಯೋನಿಗೆ ನೆಗಡಿ ಆಗಿದ್ರೆ ಫೋನಿನಾಗೆ ಈ ಕಡೆ ಬರ್ತದಂತೆ, ಹೌದಾ?" ಎಂದು ಗಂಭೀರವಾಗಿ ಕೇಳಿದ್ದಳು. "ಹೌದಕ್ಕ, ಅದಕ್ಕೇ ನಮ್ಮ ಆಫೀಸಿನಾಗೆ ಎಲ್ಲಾರಿಗೂ ಯಾವಾಗ್ಲೂ ನೆಗಡಿ" ಎಂದೆ. ವಾರವೆಲ್ಲ ನನಗೆ ಮೆಣಸಿನ ಕಷಾಯ ಕೊಟ್ಟಳು. ಹೀಗಾಗಿ ಅವಳ ಮಾತಿನಲ್ಲಿ ನಂಬುವುದು ಯಾವುದು, ನಕ್ಕು ಬಿಡುವುದು ಯಾವುದು ಎಂದು ನಮಗೆ ಗೊತ್ತಾಗುತ್ತಿರಲಿಲ್ಲ.

ಮೆಣಸಿನಕಾಯಿ ಬಜ್ಜಿಯನ್ನು ಪೇಪರಿನಲ್ಲಿ ಕಟ್ಟುವುದು ಅವಳಿಗೆ ಆಗುತ್ತಿರಲಿಲ್ಲ. ಒಮ್ಮೆ ಒಬ್ಬ ಮೇಷ್ಟರು ಬೇರೆಲ್ಲೋ ಕಟ್ಟಿಸಿಕೊಂಡ ಬಜ್ಜಿಯನ್ನು ಚಹಾದ ಜೊತೆ ತಿನ್ನಲು ಇಲ್ಲಿ ಬಿಚ್ಚಿದರು. ಎಣ್ಣೆ ಕುಡಿದ ಪೇಪರಿನ ಅಕ್ಷರಗಳು ಬಜ್ಜಿಯ ಮೇಲೆ ತಿರುಗುಮುರುಗಾಗಿ ಮೂಡಿದ್ದವು. "ಓದ್ಕೊಂಡು ತಿನ್ರಿ ಮೇಷ್ಟ್ರೆ, ಏನ್ ಬರ್ದಾರೋ ಏನೋ" ಎಂದಳು ಅಕ್ಕ. ಮೇಷ್ಟರು ಮೇಲಿನ ಹಿಟ್ಟು ಕಿತ್ತುಹಾಕಿ ಬರೀ ಮೆಣಸಿನಕಾಯಿ ತಿಂದು ಕಣ್ಣೀರು ಸುರಿಸಿದರು.

ಅಕ್ಕನ ತವರು ನಮ್ಮೂರೇ, ಮೊಳಕಾಲ್ಮೂರು. ಮನೆಯಲ್ಲಿ ತೆಲುಗು. ಅವಳ ಅಪ್ಪ ರೇಷ್ಮೆ ನೂಲಿಗೆ ಬಣ್ಣ ಹಾಕುವವನು. ಈಗ ಅದೇ ಕೆಲಸ ಅವಳ ತಮ್ಮ ಮಾಡುತ್ತಿದ್ದ. ಅಪ್ಪನ ವಿಷಯ ಬಂದಾಗ ಅಕ್ಕನ ದನಿ ಇಳಿಯುತ್ತಿತ್ತು. "ನಮ್ ನಾಯನ ಹೇಳ್ತಿದ್ದ, ತಣ್ಣೀರಿನಾಗೆ ಅದ್ದಿದ್ರೆ ನೂಲು ಬಣ್ಣ ತಗಳಲ್ಲ. ಕುದಿಯೋ ನೀರಿನಾಗೆ ನೂಲು ಬಾಯಿ ಬಿಡ್ತದೆ, ಆಗ ಬಣ್ಣ ಒಳಗೋಗಿ ಕೂತ್ಕಂತದೆ. ಅನ್ನಕ್ಕೂ ಬಾಯಿ ಐತೆ ಕಣಯ್ಯಾ. ಬಿಸಿ ಇದ್ದಾಗ ಅದೂ ಬಾಯಿ ಬಿಡ್ತದೆ. ಪಕ್ಕದಾಗೆ ಏನಿಟ್ರೆ ಅದನ್ನ ತಗಂತದೆ."

ಒಂದು ಮಧ್ಯಾಹ್ನ ಅಕ್ಕ ತನ್ನ ಅಪ್ಪ ಮಲಗುತ್ತಿದ್ದ ದಿಂಬಿನ ಕತೆ ಹೇಳಿದಳು. ಬೇಸಿಗೆಯಲ್ಲಿ ಬೆವೆತರೆ ದಿಂಬಿನ ಮೇಲೆ ಬಣ್ಣ ಹತ್ತುತ್ತಿತ್ತಂತೆ, ಒಂದು ದಿನ ನೀಲಿ, ಒಂದು ದಿನ ಕೆಂಪು. ಆ ವಾರ ಯಾವ ಸೀರೆಯ ನೂಲಿಗೆ ಬಣ್ಣ ಹಾಕಿದ್ದಾನೆ ಎಂದು ಮಕ್ಕಳು ದಿಂಬು ನೋಡಿ ಹೇಳುತ್ತಿದ್ದರಂತೆ. "ಆಟ ಅನ್ಕಂಡಿದ್ವಿ ನಾವು. ಸಾಯೋ ಹೊತ್ತಿನಾಗೂ ಉಗುರಿನ ಬಣ್ಣ ಹೋಗಿರ್ಲಿಲ್ಲ" ಎಂದು ಅಕ್ಕ ಇಡ್ಲಿ ಪಾತ್ರೆಯ ಕಂಬಳಿಯ ಮೇಲೆ ಕೈಯಿಟ್ಟಳು. ಹೊರಗೆ ವರವು ಕಾವಲಿನ ಹುಲ್ಲುಬಯಲ ಕಡೆಯ ಗಾಳಿ ಒಣಹುಲ್ಲಿನ ವಾಸನೆ ಹೊತ್ತು ಬರುತ್ತಿತ್ತು.

ಆ ಹೊತ್ತಿಗೆ ಎದುರಿಗೆ ಹೊಸ ಹೋಟೆಲು ಬಂತು. ಅವರು ಪಾರ್ಸಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಡತೊಡಗಿದರು. ಕುದಿಯುವ ಸಾಂಬಾರು ತೆಳ್ಳನೆಯ ಕವರಿನೊಳಗೆ ಬಲೂನಿನಂತೆ ಉಬ್ಬುತ್ತಿತ್ತು. ಬಾಯಿಗೆ ದಾರ ಸುತ್ತಿ ಗಂಟು ಹಾಕಿದರೆ ಮುಗಿಯಿತು, ಬಸ್ಸಿನ ಕಿಟಕಿ ಸರಳಿಗೆ ನೇತುಹಾಕಿಕೊಂಡು ಹೋಗಬಹುದು. ಅಕ್ಕನ ಬಳಿ ಮುತ್ತುಗದ ಎಲೆ ಬಿಟ್ಟರೆ ಬೇರೆ ಇಲ್ಲ, ಎಲೆಯಲ್ಲಿ ಸಾರು ನಿಲ್ಲುವುದಿಲ್ಲ. ಜನ ಎದುರುಗಡೆ ಹೋಗತೊಡಗಿದರು. ಅವಳ ವ್ಯಾಪಾರದ ಮುಕ್ಕಾಲು ಪಾಲು ಬಸ್ಸಿಗೆ ಹೋಗುವವರ ಪಾರ್ಸಲ್ಲು. ಅದು ಹೋದರೆ ಒಲೆ ಆರಿದಂತೆ. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

"ನೀನೂ ಕವರ್ ಇಟ್ಕಾ ಅಕ್ಕ, ಇದೇನು ಹಟ" ಎಂದೆ. ಅವಳು ಹೊಸ ಕವರೊಂದಕ್ಕೆ ಕುದಿಯುವ ನೀರು ಹೊಯ್ದು, ಸ್ವಲ್ಪ ಹೊತ್ತು ಬಿಟ್ಟು, ಲೋಟಕ್ಕೆ ಬಗ್ಗಿಸಿ ನನ್ನ ಮೂಗಿನ ಕೆಳಗೆ ಹಿಡಿದಳು. ಹೊಸ ಬಕೀಟಿನಲ್ಲಿ ಮೊದಲ ಸಲ ನೀರು ತುಂಬಿದಾಗ ಬರುವಂಥ ವಾಸನೆ. "ಬರೀ ನೀರೇ ಇಷ್ಟು ತಗಂತು. ಇನ್ನು ಹುಳಿ, ಎಣ್ಣೆ, ಖಾರ ಎಲ್ಲಾ ಐತಲ್ಲ ಸಾರಿನಾಗೆ, ಅದು ಸುಮ್ನಿರ್ತದಾ?" ಎಂದಳು. ಬಿಸಿಗೂ ಎಣ್ಣೆಗೂ ಪ್ಲಾಸ್ಟಿಕ್ಕು ತನ್ನೊಳಗಿನದನ್ನು ಬಿಟ್ಟುಕೊಡುತ್ತದೆ ಎಂದು ಈಗ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಆಗ ನಮ್ಮ ಓಣಿಯಲ್ಲಿ ಅದನ್ನು ಹೇಳಿದವಳು, ಫೋನಿನಿಂದ ನೆಗಡಿ ಬರುತ್ತದೆ ಎಂದು ನಂಬಿದ್ದ ಅಕ್ಕ ಒಬ್ಬಳೇ. ಯಾರು ಕೇಳುತ್ತಾರೆ? ಎದುರು ಹೋಟೆಲಿನವನು ಕೆಟ್ಟವನಲ್ಲ, ಸಂತೆಗೆ ಹೋದರೆ ಅಕ್ಕನಿಗೂ ಕರಿಬೇವು ತಂದುಕೊಡುವವನು. ಅವನೂ ಕೈ ಚೆಲ್ಲಿದ್ದ: "ಜನ ಕೇಳ್ತಾರಕ್ಕ, ನಾನೇನ್ ಮಾಡ್ಲಿ?"

ಸಾರು ಹೋದರೆ ಹೋಗಲಿ, ಇಡ್ಲಿ ಚಟ್ನಿಯನ್ನಾದರೂ ಅಂದವಾಗಿ ಕಟ್ಟಿಕೊಡೋಣ ಎಂದು ಅಕ್ಕ ಒಂದು ಉಪಾಯ ಮಾಡಿದಳು. ಅಂಗಡಿಯ ದಾರವೂ ಪ್ಲಾಸ್ಟಿಕ್ಕಿನದು ಎಂದು ಅವಳಿಗೆ ಅನುಮಾನ. ಮೊಳಕಾಲ್ಮೂರಿನ ತಮ್ಮನಿಗೆ ಹೇಳಿಕಳಿಸಿ, ಮಗ್ಗದಲ್ಲಿ ಉಳಿದ ತುಂಡು ರೇಷ್ಮೆ ನೂಲು ತರಿಸಿಕೊಂಡಳು. ಕೆಂಪು, ಹಳದಿ, ಗಿಣಿಹಸಿರು. ಮುತ್ತುಗದ ಎಲೆಯ ಪೊಟ್ಟಣಕ್ಕೆ ರೇಷ್ಮೆಯ ದಾರ! ಬಸ್ಸಿನಲ್ಲಿ ಜನ ತಿರುಗಿ ತಿರುಗಿ ನೋಡುತ್ತಿದ್ದರು. ಮದುವೆ ಮನೆಯಿಂದ ತಾಂಬೂಲ ತರುತ್ತಿರುವವನಂತೆ ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಕೆಲವು ಗಿರಾಕಿಗಳು ವಾಪಸ್ಸೂ ಬಂದರು. ಅಕ್ಕ ಆ ದಿನಗಳಲ್ಲಿ ಗುನುಗುತ್ತಿದ್ದಳು.

ಒಂದು ಸಂಜೆ ಅವ್ವ ಪೊಟ್ಟಣ ಬಿಚ್ಚಿದವಳೇ ಚಿಟ್ಟನೆ ಚೀರಿ ಹಿಂದೆ ಸರಿದಳು. ಬೆಳ್ಳನೆಯ ಇಡ್ಲಿಗಳ ಮೇಲೆ ಅಡ್ಡಡ್ಡಕ್ಕೆ ಕೆಂಪು ಗೆರೆ. ಎಲೆಯ ಸಂದಿಯಲ್ಲಿ ಹಬೆ ದಾರವನ್ನು ನೆನೆಸಿ, ಬಣ್ಣ ಒಳಗಿಳಿದು ಇಡ್ಲಿಗೆ ಕೂತಿತ್ತು.

"ಅಯ್ಯೋ, ಎಲೆ, ಕೆಂಪು ದಾರ, ಕುಂಕುಮ ಬ್ಯಾರೆ! ಯಾರೋ ಮಾಟ ಮಾಡ್ಸಿ ಕೊಟ್ಟಾರೆ ಕಣೋ ನಿಂಗೆ. ಯಾವಳಲೇ ಅವಳು?"

"ಮಾಟ ಅಲ್ಲವ್ವ, ಅದು ಬಣ್ಣ."

"ಬಣ್ಣ ಇಡ್ಲಿ ಮ್ಯಾಲೆ ಯಾಕೆ ಬರ್ತದೆ?"

ಅವ್ವ ಎಲೆ ಸಮೇತ ಮಡಿಚಿ ಬೇವಿನ ಮರದ ಬುಡಕ್ಕೆ ಹಾಕಿ, ಕಾಲು ತೊಳೆದು ಒಳಗೆ ಬಂದಳು. ನಾನು ದಾರವನ್ನು ಜೇಬಿನಲ್ಲಿಟ್ಟುಕೊಂಡೆ.

ಮರುದಿನ ಅಕ್ಕನಿಗೆ ದಾರ ಕೊಟ್ಟು, ಇಡ್ಲಿಯ ಮೇಲಿನ ಗೆರೆ, ಅವ್ವನ ಮಾಟದ ಮಾತು ಎಲ್ಲ ಹೇಳಿದೆ. ಅವಳು ಬಿಸಿನೀರಿನ ಲೋಟಕ್ಕೆ ದಾರವನ್ನು ಇಳಿಬಿಟ್ಟಳು. ನೀರು ಮೆಲ್ಲಮೆಲ್ಲಗೆ ದಾಸವಾಳದ ಬಣ್ಣಕ್ಕೆ ತಿರುಗಿತು. ಬಿಸಿಯದು ಪಕ್ಕದಲ್ಲಿದ್ದದ್ದನ್ನು ತೆಗೆದುಕೊಳ್ಳುತ್ತದೆ ಎಂದು ಊರಿಗೆಲ್ಲ ಹೇಳಿದವಳು, ತವರಿನ ನೂಲು ಎನ್ನುವ ಮೋಹದಲ್ಲಿ ಅದನ್ನೇ ಮರೆತಿದ್ದಳು. ಆಮೇಲೆ ಅವಳು ಮಾಡಿದ್ದನ್ನು ಬೇರೆ ಯಾರಾದರೂ ಮಾಡುತ್ತಿದ್ದರೋ ಇಲ್ಲವೋ. ಲೋಟ ಹಿಡಿದು ಹೋಟೆಲಿನ ಬಾಗಿಲಲ್ಲಿ ನಿಂತಳು. ಬಂದವರಿಗೆಲ್ಲ ತೋರಿಸಿ, "ನೋಡ್ರಿ, ಇದನ್ನ ನಿಮಗೆ ತಿನ್ಸಿದೀನಿ ನಾನು. ಗೊತ್ತಿಲ್ದೆ ಆತು. ಇನ್ನು ಕಟ್ಟಲ್ಲ" ಎಂದು ಹೇಳಿದಳು. ಯಾರೂ ಗಮನಿಸಿರಲಿಲ್ಲ, ಅವಳು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪ್ಲಾಸ್ಟಿಕ್ ಬೇಡವೆಂದು ಬಣ್ಣದ ಇಡ್ಲಿ ತಿನ್ನಿಸಿದಳು ಎಂದು ಓಣಿಯೆಲ್ಲ ನಕ್ಕಿತು. ಉಳಿದಿದ್ದ ಗಿರಾಕಿಗಳಲ್ಲೂ ಅರ್ಧ ಜನ ಎದುರಿಗೆ ಹೋದರು. ನನಗೆ ಅವತ್ತು ಅಕ್ಕನ ಮೇಲೆ ಸಿಟ್ಟೇ ಬಂದಿತ್ತು.

ಆಮೇಲೊಂದು ಮಧ್ಯಾಹ್ನ ಹೋದಾಗ ಬೆಂಚು ಖಾಲಿ. ಒಳಗಿನ ಕೋಣೆಯಿಂದ ಅಕ್ಕ ಕರೆದಳು. ಟ್ರಂಕಿನಿಂದ ಅವಳ ಮದುವೆಯ ಸೀರೆ ತೆಗೆದಿದ್ದಳು. ಮೊಳಕಾಲ್ಮೂರು ರೇಷ್ಮೆ, ಕುಂಕುಮದ ಒಡಲು, ಜರಿಯ ಅಂಚು, ಅಂಚಿನುದ್ದಕ್ಕೂ ಸಣ್ಣ ಹಕ್ಕಿಗಳು. ನೂಲಿಗೆ ಬಣ್ಣ ಹಾಕಿದ್ದು ಅವಳ ಅಪ್ಪನೇ. "ತಮ್ಮುಡು ಹಾಕಿದ್ ಬಣ್ಣ ಹೋತು, ಸರಿ. ಈಗಿನ ಬಣ್ಣ ಹಂಗೇ ಐತೆ ಅನ್ಕಂಡೆ. ನಮ್ ನಾಯನ ಎದೆ ತಟ್ಕಂಡು ಹೇಳ್ತಿದ್ದ, ನನ್ ಬಣ್ಣ ಪ್ರಾಣ ಹೋದ್ರೂ ಹೋಗಲ್ಲ ಅಂತ" ಎನ್ನುತ್ತ ಸೆರಗಿನ ತುದಿಯನ್ನು ಬಿಳಿ ಬೋಗುಣಿಯ ಬಿಸಿನೀರಿನಲ್ಲಿ ಅದ್ದಿದಳು.

ಇಬ್ಬರೂ ಬೋಗುಣಿ ನೋಡುತ್ತ ಕೂತೆವು. ತಗಡಿನ ತೂತಿನ ಬಿಸಿಲು ನೀರಿನ ಮೇಲೆ ಬಿದ್ದು ಗೋಡೆಯಲ್ಲಿ ಆಡುತ್ತಿತ್ತು. ಎಷ್ಟು ಹೊತ್ತಾಯಿತೋ, ನನಗೆ ನಿದ್ದೆ ಬಂದಂತೆಯೂ ಆಯಿತು. ಕೊನೆಗೆ ಅಕ್ಕ ಸೆರಗು ಎತ್ತಿದಳು. ನೀರು ಬಹಳ ತಿಳಿಯಾಗಿ, ಇದೆಯೋ ಇಲ್ಲವೋ ಎನ್ನುವಷ್ಟು, ಕೆಂಪಾಗಿತ್ತು.

"ನಾಯನದೂ ಬಿಡ್ತದೆ" ಎಂದಳು.

ನನಗೆ ಅಳು ಬಂತು. ಅವಳು ಅಳಲಿಲ್ಲ, ಸೆರಗನ್ನು ಹಿಂಡಿ ಹರವುತ್ತ ನಕ್ಕಳು. "ಹೋಗ್ಲಿ ಬಿಡು. ಬಿಸಿ ಕಂಡ್ರೆ ಎಲ್ಲಾ ಬಿಡ್ತಾವೆ ಕಣಯ್ಯಾ. ಬಣ್ಣದ್ ತಪ್ಪೇನೈತೆ ಅದರಾಗೆ? ಬಿಸಿದನ್ನ ಎಲ್ಲಿ ಇಡ್ಬೇಕು ಅಂತ ನಾವು ತಿಳ್ಕಬೇಕು."

ಹಳೆಯ ಜರಿ ಸೀರೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವರು ಆಗ ಬೀದಿ ಬೀದಿ ಕೂಗುತ್ತ ಬರುತ್ತಿದ್ದರು. ಅಕ್ಕ ಆ ಸೀರೆಯನ್ನು ಅವರಿಗೆ ಕೊಟ್ಟುಬಿಟ್ಟಳು. ಮುಂದಿನ ಸಲ ನಾನು ಹೋದಾಗ ಹೋಟೆಲಿನ ಗೋಡೆಯುದ್ದಕ್ಕೂ ಮೊಳೆ, ಮೊಳೆಗೊಂದು ಹಿಡಿಕೆಯಿರುವ ಸ್ಟೀಲ್ ಡಬ್ಬಿ. ಸೀರೆ ಎಲ್ಲಿ ಎಂದು ಕೇಳಿದರೆ ಗೋಡೆ ತೋರಿಸಿದಳು. ಅಂದಿನಿಂದ ಅವಳ ಕಾನೂನು ಒಂದೇ: ಪಾರ್ಸಲ್ ಬೇಕಾದರೆ ಮನೆಯಿಂದ ಪಾತ್ರೆ ತನ್ನಿ, ಇಲ್ಲವಾದರೆ ನನ್ನ ಡಬ್ಬಿ ಒಯ್ಯಿರಿ. ಯಾರು ಒಯ್ದರು ಎಂದು ಬರೆದಿಡುವುದಿಲ್ಲ, ಒತ್ತೆ ಕೇಳುವುದಿಲ್ಲ. ಬಸ್ಸು ಹತ್ತಿ ಬಳ್ಳಾರಿಗೋ ರಾಯದುರ್ಗಕ್ಕೋ ಹೋಗುವವನು ಡಬ್ಬಿ ವಾಪಸ್ ತರುತ್ತಾನೆಯೇ? ಮೊದಲ ವಾರದಲ್ಲೇ ಗೋಡೆ ಬೋಳಾಯಿತು. ಅಕ್ಕನ ಕತೆ ಮುಗಿಯಿತು ಎಂದುಕೊಂಡೆವು.

ಆದರೆ ನಮ್ಮ ಕಡೆ ಒಂದು ಪದ್ಧತಿ ಉಂಟು. ಬೇರೆ ಮನೆಯ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು. ಹಿಡಿ ಸಕ್ಕರೆಯೋ, ನಾಲ್ಕು ಕಾಯೋ, ಏನಾದರೂ ಹಾಕಿಯೇ ಕೊಡಬೇಕು. ಡಬ್ಬಿಗಳು ಒಂದೊಂದಾಗಿ ಬರತೊಡಗಿದವು, ಒಂದೂ ಖಾಲಿ ಬರಲಿಲ್ಲ. ಒಂದರಲ್ಲಿ ಶೇಂಗಾ, ಇನ್ನೊಂದರಲ್ಲಿ ಸಜ್ಜೆ ಹಿಟ್ಟು, ಹುಣಸೆಹಣ್ಣು. ಕಾವಲಿನ ಕಡೆ ಕುರಿ ಮೇಯಿಸುವವನೊಬ್ಬ ಬೆಣ್ಣೆ ತಂದ. ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ ಬಂದವರು ಪ್ರಸಾದದ ಬೆಲ್ಲ ಹಾಕಿ ತಂದರು. ಅಕ್ಕ ಮುಚ್ಚಳ ತೆಗೆದು ಮೂಸುವಳು, ಕಣ್ಣು ಮುಚ್ಚುವಳು. ಬಂದದ್ದು ಮರುದಿನದ ಅಡುಗೆಗೆ ಬೀಳುವುದು. ಹೋಟೆಲು ದೊಡ್ಡದಾಗಲೂ ಇಲ್ಲ, ಮುಚ್ಚಲೂ ಇಲ್ಲ. ಒಲೆ ಮಾತ್ರ ಆರಲಿಲ್ಲ.

ಕೆಲವು ವರ್ಷಗಳಾದ ಮೇಲೆ ನನಗೆ ಮೊಳಕಾಲ್ಮೂರಿಗೇ ವರ್ಗವಾಯಿತು. ಕೊನೆಯ ದಿನ ಡಬ್ಬಿ ವಾಪಸ್ ಕೊಡುವಾಗ ಅವ್ವ ಅದರಲ್ಲಿ ಮನೆಯ ಉಪ್ಪಿನಕಾಯಿ ಹಾಕಿ ಕಳಿಸಿದ್ದಳು. ಅಕ್ಕ ಮೂಸಿ ನೋಡಿ, "ನಿಮ್ಮವ್ವಗೆ ಹೇಳು, ಮಾಟ ಚಲೋ ಮಾಡ್ಯಾಳೆ" ಎಂದಳು. ಅದೇ ಕೊನೆಯ ಮಾತು.

ಕಾರ್ಯದ ದಿನ ಹೋದೆ. ಹೋಟೆಲಿನ ಜಗಲಿಯ ಮೇಲೆ ಡಬ್ಬಿಗಳ ಸಾಲು. ಸಾವಿನ ಸುದ್ದಿ ಕೇಳಿ, ಎಲ್ಲೆಲ್ಲಿ ಉಳಿದಿದ್ದವೋ ಅಲ್ಲಿಂದೆಲ್ಲ ಬಂದಿದ್ದವು. ಒಂದೆರಡರ ಮುಚ್ಚಳ ತೆಗೆದು ನೋಡಿದೆ. ಅಕ್ಕಿ, ಬೇಳೆ, ಬೆಲ್ಲ. ಒಳಗೆ ಅವಳ ತಮ್ಮ, ಉಗುರುಗಳಲ್ಲಿ ನೀಲಿ ಹಿಡಿದ ಕೈಯಿಂದ ಸೌಟು ತಿರುವುತ್ತಿದ್ದ. ಅಂದಿನ ಅಡುಗೆಗೆ ಅಂಗಡಿಯಿಂದ ಏನೂ ತಂದಿರಲಿಲ್ಲ, ಡಬ್ಬಿಗಳಲ್ಲಿ ಬಂದದ್ದೇ ಸಾಕಾಯಿತು ಎಂದ.

ಊಟ ಮುಗಿಯುವ ಹೊತ್ತಿಗೆ ಎದುರು ಹೋಟೆಲಿನವನು ಬಂದ. ಬರಲಾಗದವರಿಗೆ ಕಳಿಸಿಕೊಡಲು ಅನುಕೂಲವಾಗಲಿ ಎಂದು ಪಾಪ, ಒಂದು ಕಟ್ಟು ಪ್ಲಾಸ್ಟಿಕ್ ಕವರು ತಂದಿದ್ದ. ಸಾರಿನ ಕೊಳಗದ ಪಕ್ಕ ಅದನ್ನು ಇಡಲು ಬಗ್ಗಿದವನು ಹಾಗೇ ನಿಂತ. ಜಗಲಿಯ ಡಬ್ಬಿಗಳನ್ನು ನೋಡಿದ.

"ಬ್ಯಾಡ. ಅಕ್ಕ ಬೈತಾಳೆ" ಎಂದು ಕಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಆಮೇಲೆ ತಾನೇ ಕೂತು ಡಬ್ಬಿಗಳನ್ನು ತೊಳೆದ.

ಬಂದ ಡಬ್ಬಿಗಳೆಲ್ಲ ಸಾರು ತುಂಬಿಸಿಕೊಂಡು ಮತ್ತೆ ಊರೂರಿಗೆ ಹೊರಟವು. ಅಕ್ಕನ ತಮ್ಮ ನನ್ನ ಕೈಗೂ ಒಂದು ಕೊಟ್ಟ. "ಕಾರ್ಯದ್ದು ಅಂತ ಅನುಮಾನ ಮಾಡಬ್ಯಾಡ್ರಿ. ಅಕ್ಕ ಯಾರನ್ನೂ ಬರಿಗೈಯಾಗೆ ಕಳ್ಸಿಲ್ಲ" ಎಂದ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೆ. ತಳಕು ದಾಟಿತು. ಅದೇ ಬಯಲು, ಅದೇ ಬೆಳಕು, ಗುಡ್ಡಗಳು ಒಂದು ಗೇಣು ಮೇಲೆ ತೇಲುತ್ತಿದ್ದವು. ತೊಡೆಗೆ ಬಿಸಿ ತಾಗುತ್ತಿತ್ತು, ಈ ಸಲ ನಾನು ತೂಕಡಿಸಲಿಲ್ಲ.

"ಕಾರ್ಯದ ಮನೆಯಿಂದ ತಿನ್ನೋದು ಹೊಸಲು ದಾಟಿಸ್ತಾರೇನೋ?" ಎಂದು ಅವ್ವ ಬೈದಳು. ಆಮೇಲೆ ಯಾರ ಮನೆಯದು ಎಂದು ನೆನಪಾಗಿ, ಹೋಗಿ ಕೈ ತೊಳೆದುಕೊಂಡು ಬಂದು ಕೂತಳು. ನಾನು ಮುಚ್ಚಳ ತೆಗೆದೆ. ಹಬೆ ಎದ್ದಿತು. ಅವ್ವನಿಗೆ ಈಗ ಕಣ್ಣು ಮಂಜು, ಬಗ್ಗಿ ಮುಖವನ್ನೇ ಹಬೆಗೆ ಒಡ್ಡಿದಳು.

"ಏನ್ ವಾಸನೆ ಬರ್ತೈತವ್ವ?" ಎಂದು ಕೇಳಿದೆ.

"ಇನ್ನೇನ್ ಬರ್ತದೋ ಹುಚ್ಚಾ, ಸಾರಿನ ವಾಸನೆ" ಎಂದಳು ಅವ್ವ.